ಬಳೆ ತುಟ್ಟಿಯಾದ ವರ್ಷ

ಆ ವರ್ಷ ಮೊದಲು ತುಟ್ಟಿಯಾದದ್ದು ಸೂಜಿ. ಮನೆಯಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ. ಬೆಳಗಾವಿಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿತು ಬೈಲಹೊಂಗಲಕ್ಕೆ ಸೊಸೆಯಾಗಿ ಬಂದವಳು ನಾನು. ಕಪ್ಪು ಕಾಗದದಲ್ಲಿ ಸುತ್ತಿದ ಸೂಜಿಯ ಪೊಟ್ಟಣ ತರಿಸಲು ಹೇಳಿದರೆ, ಪೇಟೆಯ ಅಂಗಡಿಯವನು ಪೊಟ್ಟಣ ಬಿಚ್ಚಿ ಎರಡೇ ಸೂಜಿ ಚುಚ್ಚಿದ ಕಾಗದದ ಚೂರು ಕಳಿಸಿದ. ಕೊಟ್ಟದ್ದು ಮಾತ್ರ ಪೊಟ್ಟಣದ ಬೆಲೆ. ಆಮೇಲೆ ಕಡ್ಡಿಪೆಟ್ಟಿಗೆ. ಅತ್ತೆ ಅದನ್ನು ಅಡುಗೆಮನೆಯ ಗೂಡಿನಿಂದ ತೆಗೆದು ದೇವರ ಜಗಲಿಯ ಮೇಲೆ ಇಟ್ಟರು. ರಾತ್ರಿ ಒಲೆಯ ಬೂದಿಯಡಿ ಕೆಂಡ ಮುಚ್ಚಿಡುವ ಹಳೆಯ ರೂಢಿ ಮತ್ತೆ ಬಂತು. ಚಿಮಣಿ ಎಣ್ಣೆ ತುಟ್ಟಿಯಾದ ಮೇಲೆ ಪಡಸಾಲೆಯ ದೀಪದ ಬತ್ತಿ ದಿನದಿನಕ್ಕೆ ಕೆಳಗಿಳಿಯುತ್ತ ಹೋಯಿತು.

ಯುದ್ಧ ಎಲ್ಲೋ ನಡೆದಿತ್ತು. ನಮ್ಮ ಓಣಿಯಲ್ಲಿ ಸಮುದ್ರ ನೋಡಿದವರೇ ಇರಲಿಲ್ಲ. ಆದರೂ ಆ ಸಮುದ್ರದಲ್ಲಿ ಹಡಗು ನಿಂತರೆ ನಮ್ಮ ಓಣಿಯಲ್ಲಿ ಸೂಜಿ ಸಿಗುವುದಿಲ್ಲ ಎನ್ನುವುದು ಮಾವನವರಿಗೆ ಬಗೆಹರಿಯದ ಮಾತಾಗಿತ್ತು. "ಜ್ವಾಳ ತುಟ್ಟಿ ಆದ್ರ ಮಳಿಗೆ ಬೈಬೌದು. ಸೂಜಿ ತುಟ್ಟಿ ಆದ್ರ ಯಾರಿಗೆ ಬೈಲಿ?" ಎಂದು ಅವರು ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದರು. ನನಗೆ ಮಾತ್ರ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಸೂಜಿ ಎಲ್ಲಿಟ್ಟೆ, ಬಾಗಿಲ ಸಂದಿಯಲ್ಲಿ ಬಿತ್ತೇ ಎಂದು ದಿನಕ್ಕೆ ನಾಲ್ಕು ಸಲ ಎದ್ದು ನೋಡುತ್ತಿದ್ದೆ.

ಕೊನೆಗೆ ಬಳೆ ತುಟ್ಟಿಯಾಯಿತು. ಆಗ ಇಡೀ ಓಣಿಗೆ ಎಚ್ಚರವಾಯಿತು.

ನಮ್ಮ ಓಣಿಗೆ ಬಳೆ ಇಡುತ್ತಿದ್ದವಳು ಕಿತ್ತೂರಿನ ಒಬ್ಬ ಮುದುಕಿ. ಸಂತೆಯ ದಿನ ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಬಿಚ್ಚುತ್ತಿದ್ದಳು. ಕೈ ಮುಟ್ಟುವ ಮೊದಲೇ ಅಳತೆ ಅವಳ ಕಣ್ಣಿಗೆ ಗೊತ್ತಾಗುತ್ತಿತ್ತು. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಹಿಟ್ಟು ನಾದುವ ಹಾಗೆ ನಾದಿ, ಮಾತಾಡುತ್ತಾ ಆಡುತ್ತಾ ಬಳೆ ಏರಿಸಿಬಿಡುತ್ತಿದ್ದಳು. ಇಡುವಾಗ ಒಡೆದ ಬಳೆ ಅವಳದು. ಅದಕ್ಕೆ ಬೆಲೆ ಕೇಳುವಂತಿಲ್ಲ. ಡಜನ್ನಿನ ಮೇಲೆ ಒಂದು ಕೊಸರು ಬಳೆ ಕೊಡಬೇಕು, ಅದಕ್ಕೂ ಬೆಲೆಯಿಲ್ಲ. ಬಳೆ ಇಟ್ಟುಕೊಂಡವಳು ಎಷ್ಟೇ ದೊಡ್ಡ ಮನೆಯವಳಾದರೂ ಎದ್ದು ಅವಳ ಕಾಲು ಮುಟ್ಟಬೇಕು. ಇದು ಯಾರೂ ಬರೆದಿಡದ ಕರಾರು.

ಪೇಟೆಯಲ್ಲಿ ಆಗತಾನೆ ಒಂದು ಬಳೆ ಅಂಗಡಿ ಆಗಿತ್ತು. ಅಲ್ಲಿ ಬೆಲೆ ತುಸು ಕಡಿಮೆ, ಆದರೆ ಒಡೆದ ಬಳೆಯ ದುಡ್ಡೂ ಹೆಂಗಸರೇ ಕೊಡಬೇಕು. ಅದಕ್ಕೇ ಅಲ್ಲಿಗೆ ಹೋಗುವವರು ಕಡಿಮೆ. ಮುದುಕಿಯ ಕೈಯಲ್ಲಿ ಬಳೆ ಒಡೆಯುವುದಿಲ್ಲ ಎಂಬ ಹೆಸರೊಂದೇ ಅವಳನ್ನು ಆ ಅಂಗಡಿಯ ಎದುರು ನಿಲ್ಲಿಸಿತ್ತು.

ನನ್ನ ನಾದಿನಿಗೆ ಚೊಚ್ಚಲ ಬಸಿರು. ಅವಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೆವು. ಏಳು ತಿಂಗಳಿಗೆ ಕರೆತಂದು ನಮ್ಮಲ್ಲೇ ಕುಬಸ, ಅಂದರೆ ಸೀಮಂತ, ಮಾಡುವುದೆಂದಾಯಿತು. ಹಸಿರು ಸೀರೆ, ಕುಪ್ಪಸ ಬೀಗರದು. ಎರಡು ಕೈ ತುಂಬ ಹಸಿರು ಬಳೆ ತವರಿನದು. ಸಂತೆಯ ದಿನ ಅತ್ತೆ ಈ ಸುದ್ದಿ ಹೇಳಿದರೆ ಮುದುಕಿ ಎಂದಿನಂತೆ ನಗಲಿಲ್ಲ. ಅವಳ ಮಲಾರ ಅಂದು ಬಡಕಲಾಗಿತ್ತು. ಹಗ್ಗದಲ್ಲಿ ಬಳೆಗಿಂತ ಗಂಟೇ ಹೆಚ್ಚು ಕಾಣುತ್ತಿತ್ತು.

"ಯವ್ವಾ, ಅಳತಿ ಹೇಳಿ ಕಳಸ್ರಿ. ಅಷ್ಟ ತರತೇನಿ."

"ಮೂವತ್ತ ವರ್ಷ ಕೈ ನೋಡಿ ಬಳಿ ಇಟ್ಟಾಕಿ, ಈಗ ಅಳತಿ ಕೇಳ್ತಿಯೇನ?" ಎಂದರು ಅತ್ತೆ.

"ಕಣ್ಣ ಅದಾವ್ರಿ. ಕೈ ರಾಮದುರ್ಗದಾಗ ಐತೆಲ್ಲ! ಬೆಳಗಾವಿ ಸಾವಕಾರ ಹಸರ ಬಳಿ ಅಂದ್ರ ಬಂಗಾರ ತೂಗಿದಂಗ ಕೊಡಾಕ ಹತ್ತ್ಯಾನ. ನಾಕ ಅಳತಿ ತಂದು ಮೂರ ಹೊತಗೊಂಡ ಹೋದ್ರ ನಾ ಏನ ತಿನ್ನಲಿ?"

"ಕೊಸರರ ಕೊಡ್ತಿಯೋ ಇಲ್ಲೋ?"

"ನನ್ನ ಹಲ್ಲ ಬೇಕಾದ್ರ ಕೊಡತೇನ್ರಿ. ಎರಡ ಉಳದಾವು."

ಅತ್ತೆಗೂ ನಗು ಬಂತು. ಹಾಗಾಗಿ ಅಳತೆಯ ಕೆಲಸ ನನ್ನ ಪಾಲಿಗೆ ಬಿತ್ತು. ನಿಜ ಹೇಳಬೇಕೆಂದರೆ ನಾನೇ ಮುಂದೆ ಬಿದ್ದು ಕೇಳಿ ಪಡೆದೆ. ಶಾಲೆಯಲ್ಲಿ ಸಿಸ್ಟರ್ ನಮ್ಮಿಂದ ಒಂದು ಕುಪ್ಪಸದ ಅಳತೆಯನ್ನು ಮೂರು ಮೂರು ಸಲ ತೆಗೆಸುತ್ತಿದ್ದರು. ನನ್ನದು ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಈ ಮನೆಯಲ್ಲಿ ಆ ಕಲಿಕೆಯಿಂದ ಯಾರಿಗೂ ಏನೂ ಆಗಿರಲಿಲ್ಲ. ಈಗಲಾದರೂ ಆಗಲಿ ಎಂಬ ಆಸೆ.

ನಾದಿನಿ ಬಂದ ಮರುದಿನ ಮುಂಜಾನೆ, ಅವಳ ಜಳಕವಾದ ಮೇಲೆ, ಬಿಳಿ ನೂಲು ಹಿಡಿದು ಗೆಣ್ಣಿನ ಸುತ್ತ ಅಳೆದೆ. ಮೂರು ಸಲ. ಮೂರೂ ಒಂದೇ ಬಂತು. ಎರಡು ತುದಿಗೆ ಗಂಟು ಹಾಕಿ, ಕಾಗದದಲ್ಲಿ ಮಡಿಸಿ, ಕಿತ್ತೂರಿಗೆ ಹೊರಟಿದ್ದ ನಮ್ಮ ಚಕ್ಕಡಿಯವನ ಕೈಗೆ ಕೊಟ್ಟೆ. ಆಮೇಲೆ ಇಡೀ ದಿನ ಆ ನೂಲು ಕಳೆದೀತೇ, ಗಂಟು ಸರಿದೀತೇ ಎಂದು ಒಳಗೂ ಹೊರಗೂ ಓಡಾಡಿದೆ. ತಳಮಳ ಪಡಬೇಕಾದದ್ದು ಬೇರೆಯದಕ್ಕೆ. ಸಂಜೆ ನಾದಿನಿ ತನ್ನ ಉಂಗುರ ಬಿಗಿಯಾಯಿತೆಂದು ಬಿಚ್ಚಿ ಗೂಡಿನಲ್ಲಿಟ್ಟಳು. ಅದು ಎಡಬದಿಯ ಗೂಡು, ಪಕ್ಕದಲ್ಲಿ ಕುಂಕುಮದ ಬಟ್ಟಲಿತ್ತು, ಎಲ್ಲವನ್ನೂ ನೋಡಿದೆ. ಆದರೆ ಉಂಗುರ ಬಿಗಿಯಾದ ಕೈಗೆ ಬಳೆಯೂ ಬಿಗಿಯಾಗುತ್ತದೆ ಎಂದು ಹೊಳೆಯಲೇ ಇಲ್ಲ.

ಕುಬಸ ಮಧ್ಯಾಹ್ನ ಇಳಿಹೊತ್ತಿಗೆ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಅಕ್ಕಿ ಹರಡಿ, ನಾದಿನಿಯನ್ನು ಕೂರಿಸಿದ್ದರು. ಓಣಿಯ ಮುತ್ತೈದೆಯರೆಲ್ಲ ಬಂದಿದ್ದರು. ರಾಮದುರ್ಗದ ಬೀಗತಿ, ಅಂದರೆ ನಾದಿನಿಯ ಅತ್ತೆ, ಗೋಡೆಗೆ ಆನಿಸಿದ ಲೋಡಿಗೆ ಒರಗಿ ಎಲ್ಲರ ಸೀರೆಯ ಸೆರಗು ನೋಡುತ್ತಿದ್ದರು. ಮುದುಕಿ ತನ್ನ ಗಂಟು ಬಿಚ್ಚಿದಳು. ಎರಡೇ ಕೈಗೆ ಬೇಕಾದಷ್ಟು ಹಸಿರು ಬಳೆ, ಎಳೆ ಹುಣಸೆ ಚಿಗುರಿನ ಬಣ್ಣ. ಬೇರೆ ಏನೂ ಇರಲಿಲ್ಲ.

ನಾದಿನಿಯ ಬಲಗೈ ಹಿಡಿದು ನಾದಿದಳು. ಮಾತು ಶುರುಮಾಡಿದಳು. ಮೊದಲ ಬಳೆ ಗೆಣ್ಣಿನವರೆಗೆ ಬಂದು ನಿಂತಿತು. ಅವಳ ಮಾತೂ ನಿಂತಿತು. ಬೆರಳ ತುದಿಯಿಂದ ಕೈಯ ಮೇಲ್ಭಾಗ ಒತ್ತಿದಳು. ಒತ್ತಿದಲ್ಲಿ ತಗ್ಗು ಬಿತ್ತು, ತಡವಾಗಿ ಮೇಲೆದ್ದಿತು. ಆಗ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅರ್ಧ ಗಳಿಗೆಯೂ ಇಲ್ಲ.

"ಯಾಕ ಬಳಿಗಾರವ್ವಾ, ಕೈ ನಿಂತಾವು?" ಬೀಗತಿ ಕೇಳಿದರು.

"ತಪ್ಪಾತ್ರಿ ಯವ್ವಾ. ನಾನ ಒಂದ ಅಳತಿ ಸಣ್ಣವು ತಂದೇನಿ. ವಯಸ್ಸಾತು, ಕಣ್ಣ ಮೋಸಾ ಮಾಡಿದ್ವು."

"ಕಣ್ಣ ಹೋದ್ರ ಮನ್ಯಾಗ ಕುಂಡ್ರಬೇಕು. ಬಸರಿ ಹೆಂಗಸಿನ ಕೈಯಾಗ ಯಾಕ ಆಟಾ ಆಡಬೇಕು?"

ಯಾರೋ ನಕ್ಕರು. ಎದುರುಮನೆಯಾಕೆ ಪಕ್ಕದವಳಿಗೆ, ಎಲ್ಲರಿಗೂ ಕೇಳುವ ಹಾಗೆ, "ಪ್ಯಾಟಿ ಅಂಗಡ್ಯಾಗ ಹತ್ತ ಅಳತಿ ಇಟ್ಟಾರಂತ. ಇನ್ನ ಅಲ್ಲೇ ಹೋಗೂದು ಚಲೋ" ಎಂದಳು. ಪಕ್ಕದವಳು ತಲೆಯಾಡಿಸಿದಳು. ಅವಳ ಪಕ್ಕದವಳೂ.

ಅಳತೆ ನನ್ನದು ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾನು ಆರತಿಯ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯಲ್ಲಿನ ಎಣ್ಣೆ ಒಂದು ಬದಿಗೆ ವಾಲಿದ್ದನ್ನು ಸರಿಮಾಡಿದೆ. ಅಷ್ಟೇ ಮಾಡಿದ್ದು. ನಾದಿನಿಯ ಕೈಯಲ್ಲಿದ್ದ ಹಳೆಯ ಬಳೆಗಳಲ್ಲೇ ಆರತಿ ಆಯಿತು.

ಹೆಂಗಸರು ಹೋದ ಮೇಲೆ ಹಿತ್ತಲಲ್ಲಿ ಮುದುಕಿ ಕೈಕಾಲು ತೊಳೆಯುತ್ತಿದ್ದಳು. ನಾನು ನೀರು ಹಾಕಿದೆ.

"ಅಳತಿ ಯಾವಾಗ ತಗೊಂಡಿದ್ದೆವ್ವಾ?"

"ಮುಂಜಾನೆ. ಜಳಕಾ ಆದ ಮ್ಯಾಲ."

"ಹಂಗಾದ್ರ ಅಳತಿ ಖರೇನ ಐತಿ. ಹೊತ್ತು ತಪ್ಪೇತಿ. ಬಸರಿ ಕೈ ಸಂಜಿಗೆ ಬಾತು ದಪ್ಪ ಆಗತಾವು, ಮುಂಜಾನಿ ಇಳೀತಾವು. ಇವತ್ತ ಇಲ್ಲೇ ಮಲಗತೇನಿ. ನಾಳೆ ಹೊತ್ತ ಏರೂದ್ರಾಗ ಏರಸೂಣು."

"ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?"

"ಏಳ ತಿಂಗಳ ಬಸರಿ ಮುಂದ ಜಗಳ ಬ್ಯಾಡ," ಎಂದಳು. ತಂಬಿಗೆ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಒರೆಸಿದ ಮೇಲೂ ಸೆರಗು ತೆಗೆಯಲಿಲ್ಲ.

ಬೆಳಗಾಗುವಷ್ಟರಲ್ಲಿ ನಾನು ನಾದಿನಿಯ ಕೈಗಳ ಕೆಳಗೆ ದಿಂಬು ಕೊಟ್ಟು, ತೆಗೆದು, ಮತ್ತೆ ಕೊಟ್ಟು ಅವಳ ನಿದ್ದೆಯನ್ನೂ ಕೆಡಿಸಿದ್ದೆ. ಬೆಳಕು ಮೂಡುತ್ತಲೇ ಬಾವಿಯ ತಣ್ಣೀರಲ್ಲಿ ಕೈ ಅದ್ದಿಸಿ ಕೂರಿಸಿದೆವು. ಬಳೆಗಳು ಏರತೊಡಗಿದವು. ಒಂದೊಂದು ಗೆಣ್ಣು ದಾಟುವಾಗ ನಾನು ಎದ್ದುನಿಲ್ಲುತ್ತಿದ್ದೆ, ದಾಟಿದ ಮೇಲೆ ಕೂರುತ್ತಿದ್ದೆ. "ನೀ ಕುಂಡ್ರವ್ವಾ, ನಿನ್ನ ನೋಡಿ ನನ್ನ ಕೈ ನಡಗತಾವು" ಎಂದು ಮುದುಕಿ ಗದರಿದಳು. ಬಲಗೈ ತುಂಬಿತು. ಎಡಗೈಯಲ್ಲಿ ಕೊನೆಗೆ ಎರಡು ಉಳಿದಾಗ ಒಂದು ಚಿಟ್ಟೆಂದಿತು. ಮುದುಕಿ ಚೂರುಗಳನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡು, ಏನೂ ಆಗದವಳಂತೆ ಉಳಿದೊಂದನ್ನು ಏರಿಸಿದಳು.

ಅಷ್ಟರಲ್ಲಿ ಅತ್ತೆಯೂ ಬೀಗತಿಯೂ ಎದ್ದು ಬಂದಿದ್ದರು. ಬೀಗತಿ ಸೊಸೆಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದರು. "ನಿನ್ನೆ ಸಣ್ಣವಿದ್ದ ಬಳಿ ಇವತ್ತ ಹೆಂಗ ದೊಡ್ಡವಾದುವೋ?"

ನಾನು ಹೇಳಿದೆ. ಅಳತೆ ಕೊಟ್ಟವಳು ನಾನು, ತಪ್ಪಿದ ಹೊತ್ತು ನನ್ನದು, ನಿನ್ನೆ ಸುಮ್ಮನಿದ್ದದ್ದೂ ನಾನು. ಹೇಳುವಾಗ ನನ್ನ ಕನ್ನಡ ಶಾಲೆಯ ಕನ್ನಡವಾಗಿಬಿಟ್ಟಿತ್ತು.

"ಅಯ್ಯ! ಇಂಗ್ರೇಜಿ ಸಾಲ್ಯಾಗ ಬಸರಿ ಕೈ ಬಾಯತಾವು ಅಂತ ಕಲಸಲಿಲ್ಲೇನ?" ಎಂದರು ಬೀಗತಿ. ಅವರಿಗೆ ಖುಷಿಯಾಗಿತ್ತು, ರಾಮದುರ್ಗದವರೆಗೆ ಚಕ್ಕಡಿಯಲ್ಲಿ ಸವಿಯಲು ಒಂದು ಮಾತು ಸಿಕ್ಕಿತ್ತು. ಅತ್ತೆ ನನ್ನನ್ನು ಬಯ್ಯಲಿಲ್ಲ. "ನಿನ್ನೆ ಹೇಳಬೇಕಿತ್ತು" ಎಂದಷ್ಟೇ ಹೇಳಿ, ಒಳಗೆ ಹೋಗಿ ಮುದುಕಿಗೆ ಜೋಳ ಅಳೆದು ತಂದರು. ಒಡೆದ ಬಳೆಯ ಬೆಲೆಯನ್ನೂ ಇಟ್ಟರು. ಮುದುಕಿ ಜೋಳ ತೆಗೆದುಕೊಂಡಳು, ಆ ದುಡ್ಡನ್ನು ಮಾತ್ರ ಬೆರಳಿಂದ ಹಿಂದೆ ಸರಿಸಿದಳು.

"ಒಡದದ್ದು ನಂದು. ಅದನ್ನ ನೀವ ಕೊಟ್ರ ನಾನೂ ಅಂಗಡ್ಯಾಂವನ ಆದ್ನೆಲ್ಲ?"

ಅವಳು ಹೋದ ಮೇಲೆ ನಾನು ಓಣಿಯ ಮನೆಮನೆಗೆ ಹೋದೆ. ಕುಬಸದ ಸಿಹಿ ಮಾದಲಿಯ ಬಟ್ಟಲು ಕೈಯಲ್ಲಿತ್ತು, ಕೊಡುವ ನೆಪ. ಎಲ್ಲರಿಗೂ ಅದೇ ಮಾತು: ಮುದುಕಿಯ ಕಣ್ಣು ತಪ್ಪಿರಲಿಲ್ಲ, ಅಳತೆ ನಾನು ಕೊಟ್ಟದ್ದು. ಯಾರೂ ನಂಬಲಿಲ್ಲ. ಎದುರುಮನೆಯಾಕೆ ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದು, "ನೀ ಭಾಳ ಒಳ್ಳೇಕಿ ತಂಗಿ. ಮುದುಕಿ ಹೊಟ್ಟಿ ಮ್ಯಾಲ ಹೊಡಿಬಾರದಂತ ನಿನ್ನ ಮ್ಯಾಲ ಹಾಕ್ಕೊಳ್ಳಾಕ ಹತ್ತೀದಿ" ಎಂದಳು. ನಾನು ಹೆಚ್ಚು ಹೇಳಿದಷ್ಟೂ ಹೆಚ್ಚು ಒಳ್ಳೆಯವಳಾಗುತ್ತ ಹೋದೆ, ಮುದುಕಿ ಹೆಚ್ಚು ಕುರುಡಿಯಾಗುತ್ತ ಹೋದಳು. ಮೆತ್ತಗೆ ಮಾತಾಡುವ ನನ್ನ ಅಭ್ಯಾಸದ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮುಂದಿನ ಸಂತೆಗೆ ಅವಳು ಬಂದಳು. ಕಟ್ಟೆಯ ಮೇಲೆ ಕುಳಿತಳು. ಅತ್ತೆ ಬಳೆ ಇಡಿಸಿಕೊಂಡರು, ನಾನು ಇಡಿಸಿಕೊಂಡೆ, ಮತ್ತೆ ಯಾರೂ ಬರಲಿಲ್ಲ. ಅದರ ಮುಂದಿನ ಸಂತೆಗೂ ಹಾಗೆಯೇ. ಹೆಂಗಸರು ನಮ್ಮ ಮನೆಯ ಮುಂದೆಯೇ ಪೇಟೆಗೆ ನಡೆದುಹೋಗುವಾಗ ಸೆರಗು ಹೊದ್ದು ಕೈ ಮರೆಮಾಡಿಕೊಳ್ಳುತ್ತಿದ್ದರು. ಮುದುಕಿ ಅವರ ಕೈ ನೋಡುತ್ತಿರಲಿಲ್ಲ; ಹಗ್ಗದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನಾನು ಬಾಗಿಲಿಗೂ ಅಡುಗೆಮನೆಗೂ ತಿರುಗುತ್ತಿದ್ದೆ. ಒಲೆಯ ಮೇಲಿನ ಪಲ್ಯ ಎರಡು ಸಲ ತಳ ಹತ್ತಿತು.

ಮೂರನೆಯ ಸಂತೆಯ ದಿನ ಮಧ್ಯಾಹ್ನ, ಪೇಟೆಗೆ ಹೋಗಿದ್ದ ಎದುರುಮನೆಯಾಕೆ ಬಿರಬಿರನೆ ಬಂದು, ನಮ್ಮ ಕಟ್ಟೆಯ ಮೇಲೆ ದಪ್ಪನೆ ಕುಳಿತಳು. ಒಂದು ಕೈಯಲ್ಲಿ ಐದು ಬಳೆ, ಇನ್ನೊಂದು ಬರಿದು. ಬರಿದಾದ ಕೈಯ ಗೆಣ್ಣಿನ ಮೇಲೆ ತೆಳ್ಳಗೆ ರಕ್ತದ ಗೆರೆ. ಅಂಗಡಿಯವನು ನಾಲ್ಕು ಒಡೆದಿದ್ದ, ನಾಲ್ಕಕ್ಕೂ ದುಡ್ಡು ಹಿಡಿದಿದ್ದ. ಇದು ನಮಗೆ ತಿಳಿದದ್ದು ಆಮೇಲೆ. ಆಗ ಆಕೆ ಆ ಬರಿಗೈಯನ್ನು ಮುದುಕಿಯ ಮುಂದೆ ಚಾಚಿದಳಷ್ಟೇ.

ಮುದುಕಿ ಕೈ ಹಿಡಿಯಲಿಲ್ಲ. ಮೊದಲು ಕೇಳಿದಳು: "ರೊಕ್ಕಾ ಕೊಟ್ಟ ಮ್ಯಾಲ ಚೂರು ನಿನ್ನವು ಆದುವೆಲ್ಲ. ಕಟ್ಟಿ ಕೊಟ್ಟನೋ ಇಲ್ಲೋ?"

"ಸಾಕ ಬಿಡಬೇ, ಮುದುಕಿ. ಕೈ ನೋಯಾಕ ಹತ್ತೇತಿ."

"ನೋವು ಇರಲಿ. ಈ ಕಣ್ಣಿಗೆ ನಿನ್ನ ಅಳತಿ ಕಂಡೀತೇನು?"

ಎದುರುಮನೆಯಾಕೆ ಬಾಗಿಲಲ್ಲಿ ನಿಂತಿದ್ದ ನನ್ನತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ಈ ಸಲ ನನ್ನ ಒಳ್ಳೆಯತನದ ಮೇಲೆ ಅನುಮಾನವಿತ್ತು, ತಪ್ಪಿದ ಅಳತೆ ನಿಜಕ್ಕೂ ಇವಳದೇ ಇರಬೇಕು ಎಂಬಂತೆ. ನನಗೆ ಅಷ್ಟು ಸಾಕಾಗಿತ್ತು. "ನೀ ಇಡ," ಎಂದಳು ಆಕೆ ಮುದುಕಿಗೆ. "ಒಡದ್ರ ನಾ ನೋಡಕೋತೇನಿ."

"ನೀ ಏನೂ ನೋಡಕೊಳ್ಳೂದು ಬ್ಯಾಡ. ಹೆಬ್ಬಟ್ಟ ಒಳಗ ಮಡಚು."

ಮುದುಕಿ ಗಾಯದ ಗೆರೆ ತಪ್ಪಿಸಿ ನಾದತೊಡಗಿದಳು. ಕಿತ್ತೂರಿನ ಯಾವುದೋ ಮನೆಯ ಎಮ್ಮೆಯ ಸುದ್ದಿ ತೆಗೆದಳು. ಎದುರುಮನೆಯಾಕೆ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಕೇಳುವಷ್ಟರಲ್ಲಿ ಮೊದಲ ಬಳೆ ಮಣಿಕಟ್ಟಿಗೆ ಇಳಿದಿತ್ತು. ಪೇಟೆಯಿಂದ ಮರಳುತ್ತಿದ್ದ ಇಬ್ಬರು ಹೆಂಗಸರು ಓಣಿಯ ನಡುವೆಯೇ ನಿಂತು ನೋಡಿದರು. ಅವರು ಕಟ್ಟೆಯ ಕಡೆಗೆ ತಿರುಗುತ್ತಾರೋ, ತಮ್ಮ ಮನೆಗೆ ಹೋಗುತ್ತಾರೋ ತಿಳಿಯದೆ, ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ನಾನು ಹೊಸಿಲು ದಾಟಿ ಹೊರಗೆ ಬಂದೆ.