ಗಾಡಿಯಲ್ಲಿ ಬಾರದ ದೇವರು

ಎತ್ತಿನ ಗಾಡಿಯಿಂದ ನಮ್ಮ ಟ್ರಂಕು ಇಳಿಸುತ್ತಿದ್ದಾಗ ಮನೆಯೊಡತಿ ನೀಲವ್ವ ಅಡ್ಡ ಬಂದು ನಿಂತರು.

"ಪಾತ್ರಿ-ಪಡಗ ಆಮ್ಯಾಲ ಇಳಸ್ರಿ. ಮೊದಲ ದೇವರನ್ನ ಒಳಗ ಒಯ್ರಿ. ಎಲ್ಲಿ ಇಟ್ಟೀರಿ?" ಎನ್ನುತ್ತ ಗಾಡಿಯ ಹುಲ್ಲಿನೊಳಗೆ ಕೈ ಹಾಕಿ ಹುಡುಕತೊಡಗಿದರು.

ನಾನು ಗಂಡನ ಮುಖ ನೋಡಿದೆ. ಮಂಗಳೂರಿನಲ್ಲಿ ಯಾರೂ ನನ್ನ ದೇವರೆಲ್ಲಿ ಎಂದು ಕೇಳಿರಲಿಲ್ಲ. ನಮ್ಮವರು ಮಾತ್ರ ನಕ್ಕು, "ನಮ್ಮ ದೇವರನ್ನು ಗಾಡಿಯಲ್ಲಿ ತರಲಿಕ್ಕಾಗುವುದಿಲ್ಲ ನೀಲವ್ವ. ನಮಗಿಂತ ಮೊದಲೇ ಬಂದಿದ್ದಾನೆ" ಎಂದರು.

ನೀಲವ್ವ ಮಗನ ಕಡೆ ತಿರುಗಿದರು. "ಕೇಳಿದ್ಯಾ? ಬಾಡಿಗಿ ಕೊಡದವ ಒಬ್ಬ ಆಗಲೇ ಬಂದು ಒಳಗ ಕುಂತಾನಂತ!"

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಮದ್ರಾಸು ಪ್ರಾಂತ ಬಿಟ್ಟು ಮುಂಬಯಿ ಪ್ರಾಂತದ ಈ ಉಗರಗೋಳಕ್ಕೆ ನಾವು ಹೀಗೆ ಬಂದು ಸೇರಿದೆವು. ನಮ್ಮವರಿಗೆ ಇಲ್ಲಿಯ ಸಾಲಿಯಲ್ಲಿ ಮಾಸ್ತರಿಕೆ. ಸಾಲಿ ಎಂದರೆ ಶಾಲೆ. ಭಾನುವಾರ ಸವದತ್ತಿಯ ಕಡೆಯಿಂದ ಬರುವ ಮೂರ್ನಾಲ್ಕು ಕ್ರೈಸ್ತ ಕುಟುಂಬಗಳಿಗೆ ಪ್ರಾರ್ಥನೆ ನಡೆಸುವುದೂ ಅವರದೇ ಕೆಲಸವಾಯಿತು.

ಮಂಗಳೂರಿನ ಸಭೆಯವರಾದ ನಿಮಗೆ ಇಲ್ಲಿಯ ಮನೆಗಳನ್ನು ಹೇಗೆ ಹೇಳಲಿ? ನಮ್ಮಲ್ಲಿ ಹೆಂಚು, ಇಳಿಜಾರು. ಇಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ, ಸಂಜೆ ಅದರ ಮೇಲೆ ಕುಳಿತರೆ ಎಲ್ಲಮ್ಮನ ಗುಡ್ಡ ಕಾಣುತ್ತದೆ. ನಮ್ಮಲ್ಲಿ ಜಗಲಿಯೆಂದರೆ ಬಂದವರನ್ನು ಕೂರಿಸುವ ಜಾಗ. ಇಲ್ಲಿ ಅದು ಮನೆಯೊಳಗೆ ದೇವರನ್ನು ಕೂರಿಸುವ ಕಟ್ಟೆ. ಕುಚ್ಚಲಕ್ಕಿ ಗಂಜಿಗೆ ನಾಲಿಗೆ ಹಾತೊರೆಯುತ್ತಿತ್ತು. ರೊಟ್ಟಿ ಬಡಿಯಲು ಕುಳಿತರೆ ಹಿಟ್ಟು ಹರಿದು ಕೈಗಂಟುತ್ತಿತ್ತು. "ರೊಟ್ಟಿ ಬಡೀತಿಯೋ, ನೊಣ ಹೊಡೀತಿಯೋ?" ಎಂದು ನೀಲವ್ವ ಹಾಸ್ಯ ಮಾಡುತ್ತಿದ್ದರು. ನನ್ನ ರೊಟ್ಟಿ ಮೊದಲ ಸಲ ಹಂಚಿನ ಮೇಲೆ ಉಬ್ಬಿದ ದಿನ ಅದನ್ನೆತ್ತಿಕೊಂಡು ಹೋಗಿ ಓಣಿಗೆಲ್ಲ ತೋರಿಸಿ ಬಂದವರೂ ಅವರೇ.

ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಬಂದಾಗ ನೀಲವ್ವ ನಮಗೂ ಪ್ರಸಾದ ತರುತ್ತಿದ್ದರು. ಜೊತೆಗೆ ಭಂಡಾರ, ಅಂದರೆ ಹಣೆಗೆ ಹಚ್ಚುವ ಅರಿಸಿನ ಪುಡಿ. ನಮ್ಮವರು ಎದ್ದು ನಿಂತು, ಕೈಮುಗಿದು, "ಬೇಡ ನೀಲವ್ವ, ನಾವು ಒಬ್ಬನಿಗೇ ಬಾಗುವವರು" ಎನ್ನುತ್ತಿದ್ದರು. ಒಮ್ಮೆಯೂ ಅಡಗಿಸಿ ಹೇಳಲಿಲ್ಲ, ಒಮ್ಮೆಯೂ ಹಂಗಿಸಿ ಹೇಳಲಿಲ್ಲ.

ಬರಿದಾಗಿದ್ದ ಜಗಲಿಯ ಮೇಲೆ ನಾವು ಬೈಬಲ್ ಇಟ್ಟಿದ್ದೆವು, ಗೆದ್ದಲು ಹತ್ತದ ಜಾಗ ಅದೊಂದೇ ಎಂದು. ಅದೇ ನಮ್ಮ ದೇವರೆಂದು ನೀಲವ್ವ ತಿಳಿದಿದ್ದರು. ಮಹಾನವಮಿಗೆ ಇಲ್ಲಿ ನೇಗಿಲು, ಕೊಡಲಿ, ತಕ್ಕಡಿ, ಪುಸ್ತಕ ಎಲ್ಲಕ್ಕೂ ಪೂಜೆ. ನಾವು ಸವದತ್ತಿಯ ಸಂತೆಗೆ ಹೋಗಿ ಬರುವಷ್ಟರಲ್ಲಿ ಬೈಬಲಿನ ರಟ್ಟಿನ ಮೇಲೆ ಕುಂಕುಮ, ಚೆಂಡುಹೂ.

"ಹಬ್ಬದ ದಿನ ನಿಮ್ಮ ದೇವರು ಒಬ್ಬನ ಸಪ್ಪಗ ಕುಂತಿದ್ದ. ನನಗ ಜೀವ ತಡೀಲಿಲ್ಲ" ಎಂದರು.

ನಮ್ಮವರು ಹೂ ತೆಗೆದು ಮರಳಿ ಅವರ ಕೈಗಿತ್ತರು. "ಪುಸ್ತಕ ದೇವರಲ್ಲ ನೀಲವ್ವ. ಅದು ದೇವರ ಮಾತು. ಇದನ್ನೇ ದೇವರೆಂದುಕೊಂಡರೆ ನಮಗೆ ಇದೂ ಸುಳ್ಳು ದೇವರೇ. ಮಾತನ್ನು ಕೇಳಿ ನಡೆಯಬೇಕು, ಅಷ್ಟೇ ಪೂಜೆ."

"ಹಂಗಾರ ನಿಮ್ಮ ದೇವರಿಗೆ ಖರ್ಚ ಇಲ್ಲ ಬಿಡ್ರಿ."

"ಕೇಳಿ ನಡೆಯುವುದೇ ದೊಡ್ಡ ಖರ್ಚು" ಎಂದು ನಮ್ಮವರು ನಕ್ಕರು.

ಕುಂಕುಮ ಒರೆಸಿದರೂ ಬಟ್ಟೆಯ ರಟ್ಟಿನಲ್ಲಿ ಕಲೆ ಉಳಿಯಿತು. ಅದೇ ವಾರ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಮಂಗಳೂರಿನಿಂದ ಬಂದರು, ಒಳ್ಳೆಯ ಸುದ್ದಿ ಹೊತ್ತು. ಊರಿನ ಸಭೆಯಲ್ಲಿ ನಮ್ಮವರಿಗೆ ಉಪದೇಶಿಯ ಕೆಲಸ, ಇರಲು ಮನೆ. ನನ್ನ ತಾಯಿ ಅಲ್ಲಿಂದ ಕೂಗಳತೆಯಲ್ಲಿ. ನಾನು ಮನಸ್ಸಿನಲ್ಲೇ ಟ್ರಂಕು ಕಟ್ಟಿದೆ. ಆಗ ಹಿರಿಯರು ಪ್ರಾರ್ಥನೆಗೆಂದು ಬೈಬಲ್ ಎತ್ತಿಕೊಂಡರು.

"ಸಾಮುವೇಲ, ಇದೇನು?"

ನಮ್ಮವರು ನಡೆದದ್ದನ್ನು ಹೇಳಿದರು.

"ಆ ಹೆಂಗಸನ್ನು ಕರೆಸಿ. ನಾಲ್ಕು ಜನರ ಮುಂದೆ ಹೇಳಿ, ನೀನು ಪೂಜಿಸುವುದು ಸುಳ್ಳು ದೇವರು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು. ಕೆಲಸದ ಮಾತು ಆಮೇಲೆ."

"ಹೊಸ್ತಿಲು ಅವರದ್ದೇ ಅಯ್ಯನವರೇ."

"ನಗುವ ವಿಷಯವಲ್ಲ!"

"ಅಲ್ಲ. ನಾನು ಅವರ ದೇವರಿಗೆ ಬಾಗುವುದಿಲ್ಲ, ಅದು ಅವರಿಗೆ ಗೊತ್ತು. ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು ಎಂಬ ಮೊದಲನೆಯ ಆಜ್ಞೆ ಕೊಟ್ಟದ್ದು ನನ್ನ ಎದೆ ಹುಡುಕಲಿಕ್ಕೆ, ನೆರೆಯವರ ಜಗಲಿ ಹುಡುಕಲಿಕ್ಕಲ್ಲ. ಕೆಲಸದ ಆಸೆಗೆ ಇವರನ್ನು ಅವಮಾನಿಸಿದರೆ ಆ ಕೆಲಸವೇ ನನ್ನ ದೇವರಾಯಿತು. ಅಂಥ ದೇವರನ್ನು ನಾನು ಎಲ್ಲಿಡಲಿ?"

ಅಷ್ಟರಲ್ಲಿ ನೀಲವ್ವ ಏನೂ ತಿಳಿಯದೆ ಮಜ್ಜಿಗೆ ತಂದರು. "ದೂರದಿಂದ ಬಂದೀರಿ, ಬಿಸಲ ಭಾಳ ಐತಿ. ಕುಡೀರಿ ಯಪ್ಪಾ." ಹಿರಿಯರು ಕುಡಿದರು. "ಇನ್ನೊಂದಿಷ್ಟು ಹಾಕಲೇನ್ರಿ?" ಎಂದಾಗ ಪಾತ್ರೆ ಮುಂದೆ ಹಿಡಿದರು ಕೂಡ. ಆದರೆ ಬಸ್ಸು ಹತ್ತುವಾಗ ನಮ್ಮವರ ಕೈ ಹಿಡಿಯಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು.

ಆ ದಿನ ನಾನು ಅತ್ತೆ. ಕಡಲಿನ ಗಾಳಿಗಾಗಿ ಅತ್ತೆ, ತಾಯಿಗಾಗಿ ಅತ್ತೆ. ನಮ್ಮವರು ಪಕ್ಕದಲ್ಲಿ ಕುಳಿತಿದ್ದರು. ಸಮಾಧಾನಕ್ಕೆ ಒಂದು ಸುಳ್ಳನ್ನೂ ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ವಿಷಮಶೀತ ಜ್ವರ ಅವರನ್ನು ಕೊಂಡೊಯ್ದಿತು. ಇಲ್ಲಿ ಕ್ರೈಸ್ತರ ಸ್ಮಶಾನವಿಲ್ಲ. ನೀಲವ್ವನ ಮಕ್ಕಳು ತಮ್ಮ ಹೊಲದ ಬದುವಿನಲ್ಲಿ ಎರೆಮಣ್ಣು ಅಗೆದರು. ಬೋಧಕರು ಬರಲು ಬಸ್ಸಿರಲಿಲ್ಲ. ಬೈಬಲಿನ ಕೀರ್ತನೆಯನ್ನು ನಾನೇ ಓದಿದೆ. ಓಣಿಯ ಹೆಂಗಸೊಬ್ಬಳು ಪ್ರೀತಿಯಿಂದಲೇ ಭಂಡಾರ ಹಿಡಿದು ಮುಂದೆ ಬಂದಾಗ ನೀಲವ್ವ ಅವಳ ಕೈ ತಡೆದರು.

"ಬ್ಯಾಡವಾ. ಮಾಸ್ತರ ಜೀವ ಇರೂತನಾ ಬ್ಯಾಡಂದಾರ. ಈಗ ಬಾಯಿಲ್ಲಂತ ಹಚ್ಚಿದರ ಮೋಸ ಆಗತೈತಿ."

ನನ್ನ ಗಂಡ ಎಂಥವರಾಗಿದ್ದರೆಂದು ಆ ಮಾತಿಗಿಂತ ಚೆನ್ನಾಗಿ ಯಾವ ಸಭೆಯೂ ಹೇಳಲಾರದು. ದುಃಖದ ನಡುವೆಯೂ ನನ್ನ ತಲೆ ಎತ್ತಿಯೇ ಇತ್ತು.

ಈಗ ಮಂಗಳೂರಿನಿಂದ ಅಣ್ಣ ಮತ್ತೆ ಮತ್ತೆ ಕರೆಯುತ್ತಿದ್ದಾನೆ. ನಿಮ್ಮ ಊರೂ ಈ ಊರೂ ಒಂದೇ ರಾಜ್ಯವಾಗಿವೆ, ಇನ್ನೇನು ದೂರ ಎನ್ನುತ್ತಾನೆ. ಬೇಸಿಗೆಯಲ್ಲಿ ಬಂದಿದ್ದೆನಲ್ಲ, ನೀವೂ ನೋಡಿದಿರಿ: ನಿಮ್ಮ ನಡುವೆ ಕುಳಿತು ಹಾಡುವಾಗ ಎದೆ ತುಂಬಿತು, ಊಟಕ್ಕೆ ಕುಳಿತಾಗ ರೊಟ್ಟಿ ನೆನಪಾಯಿತು. ನಾನು ಬಾಯಿ ತೆರೆದರೆ ಈ ಕಡೆಯ ಮಾತು ಬರುತ್ತದೆಂದು ಮಕ್ಕಳು ನಕ್ಕರು. ಇಲ್ಲಿ ಬಾಯಿ ತೆರೆದರೂ ನಗುತ್ತಾರೆ. ಇಲ್ಲಿಯ ಭಾನುವಾರದ ಪ್ರಾರ್ಥನೆ ಈಗ ನಾನೇ ನಡೆಸುತ್ತಿದ್ದೇನೆ, ಬರುವವರು ಬರುತ್ತಿದ್ದಾರೆ.

ನಿಮ್ಮಲ್ಲಿ ಒಂದು ಕೋರಿಕೆ. ದೇವಾಲಯದಲ್ಲಿ ಹೆಂಗಸರ ಕಡೆ, ಕಿಟಕಿಯ ಪಕ್ಕದ ನನ್ನ ಜಾಗವನ್ನು ಯಾರಿಗೂ ಕೊಡಬೇಡಿ. ಕರೆದೊಯ್ಯಲು ಯಾರನ್ನೂ ಕಳಿಸಲೂ ಬೇಡಿ.