ಖಾಲಿ ಇರದ ಕುರ್ಚಿ

ನಯಾಪೈಸೆ ಬಂದ ಹೊಸತು. ನಾನು ಮುಂಬಯಿಯಲ್ಲಿ ಹೋಟೆಲ್ ನಡೆಸುವ ವಿದ್ಯೆ ಓದುತ್ತಿದ್ದೆ. ಅದಕ್ಕೂ ಕಾಲೇಜು ಬೇಕಾ ಎಂದು ನೆಂಟರೆಲ್ಲ ನಗುತ್ತಿದ್ದರು. ಪರೀಕ್ಷೆಗೆಂದು ಪ್ರವಾಸಿಗಳು ತಂಗುವ ಯಾವುದಾದರೂ ಕೋಣೆಯನ್ನು ಹೊಸದಾಗಿ ಜೋಡಿಸಿ, ಅಲ್ಲಿ ಉಳಿದ ಅತಿಥಿಯಿಂದ ಅಭಿಪ್ರಾಯ ಬರೆಸಿ ತರಬೇಕಿತ್ತು, ತರದಿದ್ದರೆ ಫೇಲು. ನಾನು ಸೊರಬದ ಟ್ರಾವೆಲರ್ಸ್ ಬಂಗಲೆ ಹಿಡಿದೆ.

ಕೋಣೆಯ ಕಿಟಕಿ ಪಕ್ಕ ಒಂದು ಬೆತ್ತದ ಕುರ್ಚಿ ಇತ್ತು. ಗಾಳಿ ಬರುವ ಆ ಜಾಗಕ್ಕೆ ಮಂಚ ಬರಲಿ, ಕುರ್ಚಿ ಜಗುಲಿಗೆ ಹೋಗಲಿ ಎಂದೆ. ಬಂಗಲೆ ನೋಡಿಕೊಳ್ಳುತ್ತಿದ್ದ ಮೇಟಿ ಬಸಪ್ಪ ಕದಲಲಿಲ್ಲ.

“ಅದನ್ನ ಎತ್ತಬ್ಯಾಡ್ರಿ ಅಮ್ಮಾರೇ. ಅದು ಖಾಲಿ ಇಲ್ಲ.”

“ಯಾರು ಕೂತಿದ್ದಾರಪ್ಪ ಅದರಲ್ಲಿ?”

“ಇನ್ನೂ ಮಧ್ಯಾಹ್ನ ಆಗಿಲ್ವಲ್ರೀ.”

ನಾನೇ ಕುರ್ಚಿ ಎತ್ತಿ ಹೊರಗಿಟ್ಟು, ಮಂಚವನ್ನು ಕಿಟಕಿ ಪಕ್ಕಕ್ಕೆ ಎಳೆದೆ.

ಅವತ್ತು ಶಿಕಾರಿಪುರದಿಂದ ಬಂದ ಕಂದಾಯದ ಸಾಹೇಬರೊಬ್ಬರು ಮಧ್ಯಾಹ್ನದ ಊಟ ಮುಗಿಸಿ ಅದೇ ಮಂಚದ ಮೇಲೆ ಒಂದು ನಿದ್ದೆ ತೆಗೆದರು. ಎದ್ದು ಬಂದವರ ಮುಂದೆ ಪುಸ್ತಕ, ಪೆನ್ನು ಹಿಡಿದೆ.

“ಗಾಳಿ, ಬೆಳಕು ಎಲ್ಲಾ ಚೆನ್ನಾಗಿದೆಯಮ್ಮ. ಆದರೆ ಆ ಹಿರಿಯರು ಅಷ್ಟು ಹೊತ್ತೂ ನನ್ನ ಕಾಲ ಹತ್ತಿರ ನಿಂತೇ ಇದ್ದರಲ್ಲ. ವಯಸ್ಸಾದವರಿಗೆ ಒಂದು ಕುರ್ಚಿ ಹಾಕಬಾರದಿತ್ತಾ?”

ಬಂಗಲೆಯಲ್ಲಿ ಇದ್ದವರು ನಾವು ಮೂವರೇ; ಬಸಪ್ಪ ಅಷ್ಟು ಹೊತ್ತೂ ನನ್ನ ಜೊತೆ ಜಗುಲಿಯಲ್ಲೇ ಇದ್ದ. ಬಸಪ್ಪ ಒಳಗೆ ಹೋಗಿ ಮಂಚದ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ನಾನು ಹಿಡಿದೆ. ಕುರ್ಚಿ ಮತ್ತೆ ಕಿಟಕಿ ಪಕ್ಕಕ್ಕೆ ಬಂತು.

ಸಾಹೇಬರು ಹೇಳಿದ್ದನ್ನೇ ಪುಸ್ತಕದಲ್ಲೂ ಬರೆದಿದ್ದರು. ಹೇಗೋ ಪಾಸಾದೆ. ಪರೀಕ್ಷಕರು ಮಾತ್ರ “ಅತಿಥಿಗೆ ಆಸನ ಒದಗಿಸಿಲ್ಲ” ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಅಂಕ ಕಳೆದಿದ್ದರು. ಯಾವ ಅತಿಥಿಗೆ ಎಂದು ನಾನು ತಕರಾರು ಎತ್ತಲಿಲ್ಲ.