ರತ್ನಾವತಿ ಹೇಳಿದ್ದು, ಟೀವಿ ಕೇಳಿಸಿದ್ದು

ಡೊಂಬಿವಲಿ ಪೂರ್ವದಲ್ಲಿ ರತ್ನಾವತಿಯ ಬಾಯಿಗೆ ಹೆದರದವರು ಕಡಿಮೆ. ನೀರಿನ ಟ್ಯಾಂಕರ್ ತಡವಾದರೆ ತಮ್ಮ ಫ್ಲ್ಯಾಟುಗಳ ಸೊಸೈಟಿಯ ಸೆಕ್ರೆಟರಿಯನ್ನು ಹಾಸಿಗೆಯಿಂದಲೇ ಎಬ್ಬಿಸಿ ತರುವ ಹೆಂಗಸು. ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಲೀಲಾಧರ ಸ್ಟೇಷನ್ ಬಳಿಯ ಹೋಟೆಲಿನ ಮ್ಯಾನೇಜರ್, ಮಾತು ಕಡಿಮೆ. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದರು.

ಅಂಥವರ ಮಾತನ್ನೇ ಒಂದು ಚಾನೆಲ್ಲು ಅರ್ಧಕ್ಕೆ ಕತ್ತರಿಸಿತು ನೋಡಿ!

ಕಲ್ಯಾಣದ ಕಡೆ ಜಾಗದ ಜಗಳದಲ್ಲಿ ಯಾರೋ ಗುಂಡು ಹಾರಿಸಿದ್ದ. ಮರುದಿನವೇ ಟೀವಿಯವರಿಗೆ ಜನಮತ ಬೇಕಾಯಿತು: ಬಂದೂಕಿನ ಲೈಸೆನ್ಸ್ ಎಲ್ಲರಿಗೂ ಸುಲಭವಾಗಿ ಸಿಗಬೇಕೇ? ತರಕಾರಿ ಕೊಳ್ಳುತ್ತಿದ್ದ ರತ್ನಾವತಿಯ ಮುಂದೆ ರಂಜನ್ ಎಂಬ ವರದಿಗಾರ ಮೈಕು ಹಿಡಿದ. ನಮ್ಮ ಕರಾವಳಿಯವರಿಗೆ ಕೋವಿಯ ಮಾತು ಬಂದರೆ ಮೊದಲು ಮನೆತನ ನೆನಪಾಗುತ್ತದೆ. ತೋಟಕ್ಕೆ ಹಂದಿ ನುಗ್ಗುವ ಊರು. ಆಯುಧಪೂಜೆಯ ದಿನ ಕತ್ತಿ, ನೇಗಿಲಿನ ಜೊತೆ ಕೋವಿಗೂ ಕುಂಕುಮ. ರತ್ನಾವತಿಯೂ ಬೆನ್ನು ನೆಟ್ಟಗೆ ಮಾಡಿ ಹಿಂದಿಯಲ್ಲಿ ಹೇಳಿದರು: “ನಮ್ಮ ತವರಲ್ಲಿ ಅಜ್ಜನ ಕಾಲದಿಂದ ಕೋವಿ ಇತ್ತು. ಕಳ್ಳ ಆ ಕಡೆ ತಲೆ ಹಾಕಲಿಲ್ಲ. ಆದರೆ ಅದೇ ಕೋವಿ ನನ್ನ ತಮ್ಮನನ್ನು ತಿಂದಿತು. ಯಾರಿಗೂ ಬೇಡ.”

ಸಂಜೆಯ ಸುದ್ದಿಯಲ್ಲಿ ಕಳ್ಳನವರೆಗೆ ಮಾತ್ರ ಬಂತು. ಕೆಳಗೆ ಕೆಂಪು ಪಟ್ಟಿ: “ಶೇಕಡಾ ಎಂಬತ್ತೇಳು ಜನ ಹೇಳುತ್ತಾರೆ, ಬಂದೂಕು ಬೇಕು!” ಯಾವ ಜನ? ಫೋನಿನಲ್ಲಿ ಬೆರಳು ಒತ್ತಿದವರು. ಒಬ್ಬನೇ ಕೂತು ಹತ್ತು ಸಲ ಒತ್ತಿದರೂ ಚಾನೆಲ್ಲಿನ ಲೆಕ್ಕದಲ್ಲಿ ಹತ್ತು ಜನ.

ಸೆಕ್ರೆಟರಿ ಮೆಟ್ಟಿಲಲ್ಲೇ ಸಲಾಮು ಹೊಡೆದ. ಆದರೆ ಅದೇ ಸುದ್ದಿ ನೋಡಿ ಊರಿಂದ ತಮ್ಮನ ಹೆಂಡತಿ ಉಮಾವತಿಯ ಫೋನು ಬಂತು. “ನಿಮ್ಮ ತಮ್ಮ ಹೋದದ್ದು ಮರೆತುಹೋಯ್ತಾ ಅತ್ತಿಗೆ?” ಅಷ್ಟೇ ಕೇಳಿ ಇಟ್ಟುಬಿಟ್ಟಳು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ತಾರದವಳು ಅವಳು. ತಮ್ಮ ಸತ್ತದ್ದು, ಚುನಾವಣೆಗೆಂದು ಪೊಲೀಸ್ ಠಾಣೆಗೆ ಒಪ್ಪಿಸಿದ್ದ ಕೋವಿ ಮನೆಗೆ ಮರಳಿದ ವಾರ. ಹಂದಿಗೆಂದು ತುಂಬಿ ಜಗಲಿಗೆ ಒರಗಿಸಿಟ್ಟದ್ದು ಜಾರಿ ಬಿದ್ದು ಗುಂಡು ಹಾರಿತ್ತು. ಸದ್ದಿಗೆ ಓಡಿ ಬಂದವಳು ಉಮಾವತಿಯೇ. ಟೀವಿಯ ಆ ದಿನದಿಂದ ಅತ್ತಿಗೆ ಎಷ್ಟು ಸಲ ಫೋನು ಮಾಡಿದರೂ ಅವಳು ಎತ್ತಲಿಲ್ಲ.

ರಂಜನನಿಗೆ ಫೋನು ಹಾಕಿದರೆ, “ಆಂಟಿ, ಟೈಮ್ ಕಮ್ ಥಾ” ಎಂದ. ತಮ್ಮ ಸತ್ತದ್ದನ್ನು ಹೇಳಲು ಟೈಮ್ ಇಲ್ಲ, ಕಳ್ಳನಿಗೆ ಇದೆ!

ಆದರೆ ಆಂಟಿಯ ಮುಖ ಚಾನೆಲ್ಲಿನಲ್ಲಿ ಚೆನ್ನಾಗಿ ಓಡಿತ್ತು. ಮುಂದಿನ ವಾರ ಸೊಸೈಟಿಯ ಗೇಟಿನಿಂದಲೇ ನೇರಪ್ರಸಾರ ಎಂದು ಅವನೇ ಕೇಳಿಕೊಂಡು ಬಂದ.

“ಬೇಡ ಮಾರಾಯ್ತಿ, ಇನ್ನೂ ರಾಡಿಯಾದೀತು,” ಎಂದರು ಲೀಲಾಧರ.

“ನೀವು ಸುಮ್ಮನೆ ಕೂತ್ಕೊಳ್ಳಿ. ಲೈವ್ ಅಲ್ವಾ? ಅವನ ಕತ್ತರಿ ಹೇಗೆ ಓಡ್ತದೆ ನೋಡುವ.” ಅಷ್ಟು ಹೇಳಿ ಮದುವೆಗೆ ಉಡುವ ಸೀರೆ ಉಟ್ಟು ಇಳಿದರು.

ರಂಜನ್ ನಗುತ್ತ ಶುರುಮಾಡಿದ: “ಆಂಟಿ, ನಿಮ್ಮ ಮನೆಯ ಬಂದೂಕಿನ ಬಗ್ಗೆ ಹೇಳಿ.”

“ಜಯಕರ,” ಎಂದರು ರತ್ನಾವತಿ. “ಜಯಕರ ನನ್ನ ತಮ್ಮ. ಕೋವಿಯಿಂದ ಸತ್ತ. ಆ ಕೋವಿ ನಮ್ಮ ಮನೆಯದ್ದೇ. ಈ ಸಲ ಅವನನ್ನೇ ಮೊದಲು ಹೇಳಿದ್ದೇನೆ, ಇನ್ನು ಎಲ್ಲಿ ಬೇಕಾದರೂ ಕತ್ತರಿಸು.” ರಂಜನ್ ಮೈಕು ಎಳೆದ. ಅವರು ಬಿಡಲಿಲ್ಲ, ಬಳೆಗಳು ಮೈಕಿಗೆ ತಾಗಿ ಟೀವಿಯ ತುಂಬ ಸದ್ದು. “ನಿನ್ನ ಎಂಬತ್ತೇಳರಿಂದ ನನ್ನನ್ನು ತೆಗೆದುಹಾಕು. ಈಗಲೇ, ಎಲ್ಲರ ಎದುರಿಗೆ ಹೇಳು, ತೆಗೆದೆ ಅಂತ.”

ಅಷ್ಟರಲ್ಲಿ ಜಾಹೀರಾತು ಬಂತು.

ರತ್ನಾವತಿ ಮೆಟ್ಟಿಲು ಹತ್ತುವಷ್ಟರಲ್ಲಿ ಫೋನು ಬಡಿದುಕೊಂಡಿತು. ಉಮಾವತಿ.

“ಜಯಕರ,” ಎಂದಳು. “ಹೆಸರು ಸ್ಪಷ್ಟ ಕೇಳಿಸಿತು ಅತ್ತಿಗೆ.”